ನಕ್ಷತ್ರಿಕನ ಸಂಗಡ ಪಯಣ: ಪ್ರವಾಸಕಥನದ ಕಲೆ ಮತ್ತು ಜೀವನೋಪಾಯ

1

ಕನ್ನಡ ಪ್ರವಾಸ ಸಾಹಿತ್ಯವನ್ನು ಕುರಿತ ವಿಮರ್ಶೆ ಇದುವರೆಗೆ ಬಹುಮಟ್ಟಿಗೆ ಎರಡು ಪ್ರಶ್ನೆಗಳನ್ನು ಕೇಳುತ್ತ ಬಂದಿದೆ: ಲೇಖಕರು ಏನನ್ನು ಕಂಡರು, ಕಂಡದ್ದನ್ನು ಹೇಗೆ ಹೇಳಿದರು. ಇವೆರಡಕ್ಕೂ ಹಿಂದೆ ಮೂರನೆಯ ಪ್ರಶ್ನೆಯೊಂದಿದೆ. ಪ್ರಯಾಣದ ವೆಚ್ಚವನ್ನು ಭರಿಸಿದವರು ಯಾರು? ಇದು ಸಾಹಿತ್ಯೇತರವಾದ ಪ್ರಶ್ನೆಯೆಂದು ನಾವು ಬದಿಗಿಟ್ಟಿದ್ದೇವೆ. ಆದರೆ ಪ್ರವಾಸಿಯ ಕಣ್ಣು ಎಲ್ಲಿ ನಿಲ್ಲುತ್ತದೆ, ಎಲ್ಲಿ ತಗ್ಗುತ್ತದೆ ಎಂಬುದನ್ನು ನಿರ್ಧರಿಸುವಲ್ಲಿ ಈ ವೆಚ್ಚದ ಪಾತ್ರ ಸಣ್ಣದಲ್ಲ. ಪ್ರಸ್ತುತ ಲೇಖನದಲ್ಲಿ ಈ ಪ್ರಶ್ನೆಯನ್ನು ಮುಂಬಯಿಯ ನೆಲೆಯಿಂದ ಪರಿಶೀಲಿಸಲು ಯತ್ನಿಸಲಾಗಿದೆ.

ಮುಂಬಯಿಯನ್ನು ಆರಿಸಿಕೊಳ್ಳಲು ಕಾರಣವಿದೆ. ಹಡಗಿನ ಕಾಲದಲ್ಲಿ ಪಶ್ಚಿಮದೇಶಗಳಿಗೆ ಹೊರಟ ಕನ್ನಡಿಗನಿಗೆ ಈ ಬಂದರು ಹೊಸ್ತಿಲಾಗಿತ್ತು. ಅದೇ ಕಾಲದಲ್ಲಿ ಕರಾವಳಿಯಿಂದ ಹೋಟೆಲಿನ ಕೆಲಸ ಅರಸಿ ಬಂದ ಹುಡುಗನಿಗೆ ಇದೇ ಗಮ್ಯಸ್ಥಾನವಾಗಿತ್ತು. ನೋಡಲೆಂದು ಹೊರಟವನೂ ಹೊಟ್ಟೆಪಾಡಿಗೆ ಹೊರಟವನೂ ಒಂದೇ ಊರಿನಲ್ಲಿ ಎದುರಾಗುವುದರಿಂದ, ಪ್ರವಾಸಕ್ಕೂ ಜೀವನೋಪಾಯಕ್ಕೂ ಇರುವ ನಂಟು ಇಲ್ಲಿ ಮರೆಯಾಗಲಾರದು. ಪ್ರವಾಸ ಬರೆದು ಬದುಕಬಹುದೇ ಎಂದು ಇಂದಿನ ತರುಣರು ಕೇಳುವುದುಂಟು. ಆ ಪ್ರಶ್ನೆಗೆ ಹಾರೈಕೆಯ ಉತ್ತರಕ್ಕಿಂತ ವಿಮರ್ಶೆಯ ಉತ್ತರವೇ ಹೆಚ್ಚು ಉಪಯುಕ್ತವೆಂದು ತೋರುತ್ತದೆ.

2

ನಮ್ಮ ಚಂಪೂ ಕವಿಗಳಿಗೆ ಅಷ್ಟಾದಶ ವರ್ಣನೆಗಳು ಕಾವ್ಯದ ಅಂಗವಾಗಿದ್ದವು. ಸಮುದ್ರ, ಪರ್ವತ, ನಗರ, ಋತು, ಚಂದ್ರೋದಯ ಮೊದಲಾದವನ್ನು ವರ್ಣಿಸಲು ಕವಿ ಅವನ್ನು ಕಂಡಿರಬೇಕೆಂಬ ನಿಯಮವಿರಲಿಲ್ಲ. ಆಶ್ರಯದಾತನ ಸಭೆ ಮೆಚ್ಚುವ ಮಾದರಿಗಳು ಮೊದಲೇ ಸಿದ್ಧವಾಗಿದ್ದವು. ಆದರೆ ಆಶ್ರಯವೇ ದೋಷವೆಂದು ತೀರ್ಮಾನಿಸುವುದು ಅವಸರವಾದೀತು. 10ನೆಯ ಶತಮಾನದ ಪಂಪ ಅರಿಕೇಸರಿಯ ಆಸ್ಥಾನದ ಕವಿ. ಅವನಿಂದ ಅಗ್ರಹಾರವನ್ನು ಪಡೆದವನು. ಆದರೂ ‘ವಿಕ್ರಮಾರ್ಜುನ ವಿಜಯ’ದಲ್ಲಿ ಸಂಚಾರ ಹೊರಟ ಅರ್ಜುನ ಬನವಾಸಿಗೆ ಬಂದಾಗ, ಸಿದ್ಧ ವರ್ಣನೆಯ ಚೌಕಟ್ಟಿನೊಳಗೆ ಕವಿಯ ಸ್ವಂತ ನೆಲದ ನೆನಪು ತುಂಬಿಕೊಳ್ಳುತ್ತದೆ. ಅನ್ನ ಕೊಟ್ಟವನ ಕಾವ್ಯದಲ್ಲಿಯೂ ತನ್ನದೇ ಆದ ಒಂದು ಸ್ಥಳವನ್ನು ಕವಿ ಉಳಿಸಿಕೊಂಡಿದ್ದಾನೆ.

ಇದಕ್ಕಿಂತ ಭಿನ್ನವಾದ ಪ್ರಯಾಣವೊಂದು 13ನೆಯ ಶತಮಾನದ ರಾಘವಾಂಕನ ‘ಹರಿಶ್ಚಂದ್ರ ಕಾವ್ಯ’ದಲ್ಲಿದೆ. ರಾಜ್ಯ ಕಳೆದುಕೊಂಡ ಅರಸು ಹೆಂಡತಿ ಮಗನೊಡನೆ ಕಾಶಿಗೆ ಹೊರಡುತ್ತಾನೆ. ಸಾಲ ವಸೂಲಿಗೆಂದು ವಿಶ್ವಾಮಿತ್ರನ ಕಡೆಯ ನಕ್ಷತ್ರಿಕ ಜೊತೆಯಲ್ಲೇ ನಡೆಯುತ್ತಾನೆ. ದಾರಿಯ ದಣಿವು, ಹಸಿವು, ಉಳಿದ ದಿನಗಳ ಎಣಿಕೆ ಇವೆಲ್ಲ ಅರ್ಥ ಪಡೆಯುವುದು ಈ ಸಂಗಾತಿಯಿಂದ. ಬೆನ್ನು ಬಿಡದ ಸಾಲಗಾರನನ್ನು ಕನ್ನಡದ ಜನ ಇಂದಿಗೂ ನಕ್ಷತ್ರಿಕನೆಂದೇ ಕರೆಯುತ್ತಾರೆ. ಪ್ರವಾಸ ಬರೆಯುವ ಪ್ರತಿಯೊಬ್ಬರ ಬೆನ್ನಿಗೂ ಒಬ್ಬ ನಕ್ಷತ್ರಿಕನಿರುತ್ತಾನೆ. ಅವನು ಸಂಸ್ಥೆಯಾಗಿರಬಹುದು, ಸರ್ಕಾರವಾಗಿರಬಹುದು, ಆತಿಥ್ಯ ನೀಡಿದ ಬಂಧುವಾಗಿರಬಹುದು. ಅವನನ್ನು ಪಠ್ಯದಲ್ಲಿ ಕಾಣಗೊಟ್ಟವರು ಯಾರು, ಮರೆಮಾಡಿದವರು ಯಾರು ಎಂಬುದು ಈ ಪ್ರಕಾರವನ್ನು ಅಳೆಯುವ ಒಂದು ಮಾನದಂಡವಾಗಬಲ್ಲದು.

3

ಮುಂಬಯಿಯ ಆಸುಪಾಸಿನ ಎರಡು ಮರಾಠಿ ಕೃತಿಗಳು ಈ ಮಾತಿಗೆ ಒಳ್ಳೆಯ ನಿದರ್ಶನಗಳು. ಪೇಣ್ ಬಳಿಯ ವರಸಈ ಗ್ರಾಮದ ವಿಷ್ಣುಭಟ್ಟ ಗೋಡಸೆ ಸಾಲದಲ್ಲಿದ್ದ ಕುಟುಂಬದ ಪುರೋಹಿತ. ಬಾಯಜಾಬಾಯಿ ಶಿಂದೆಯವರು ನಡೆಸಲಿದ್ದ ದೊಡ್ಡ ಯಜ್ಞದಲ್ಲಿ ದಕ್ಷಿಣೆ ದೊರೆಯುವುದೆಂದು ಕೇಳಿ 1857ರಲ್ಲಿ ಉತ್ತರಕ್ಕೆ ಹೊರಟ ಅವರು ದಂಗೆಯ ನಡುವೆ ಸಿಕ್ಕಿಬಿದ್ದರು. 1858ರ ಝಾನ್ಸಿಯ ಮುತ್ತಿಗೆಯನ್ನು ಊರೊಳಗಿದ್ದೇ ಕಂಡರು. ಗಳಿಸಿದ್ದನ್ನು ಕಳೆದುಕೊಂಡು, ತಂದೆತಾಯಿಗಳಿಗೆಂದು ಗಂಗಾಜಲ ಹೊತ್ತು ಮರಳಿದರು. ಬಹುಕಾಲದ ಮೇಲೆ ಅವರು ಬರೆದ ‘ಮಾಝಾ ಪ್ರವಾಸ’ವನ್ನು ಚಿಂತಾಮಣರಾವ್ ವೈದ್ಯರು 1907ರಲ್ಲಿ ತಿದ್ದಿ ಪ್ರಕಟಿಸಿದರು, ದತ್ತೋ ವಾಮನ ಪೋತದಾರರ ಮೂಲಕ ಮೂಲಪಾಠ ಬೆಳಕಿಗೆ ಬಂದದ್ದು 1966ರಲ್ಲಿ. ಗೋಡಸೆಯವರು ಇತಿಹಾಸ ಬರೆಯಲು ಹೊರಟವರಲ್ಲ. ದಕ್ಷಿಣೆ, ಊಟ, ವಸತಿ, ದಾರಿಯ ಅಪಾಯ ಇವು ಅವರಿಗೆ ಜೀವನ್ಮರಣದ ಸಂಗತಿಗಳಾಗಿದ್ದವು. ಕೃತಿಯ ನಿಖರತೆ ಹುಟ್ಟಿದ್ದು ಆ ಅಗತ್ಯದಿಂದ.

ಗೋವಿಂದ ನಾರಾಯಣ ಮಾಡಗಾಂವಕರರ ‘ಮುಂಬಯಿಚೇ ವರ್ಣನ’ (1863) ಇನ್ನೊಂದು ಬಗೆಯದು. ಗೋವೆಯ ಮೂಲದ ಅವರು ಮುಂಬಯಿಯಲ್ಲಿ ಶಾಲಾ ಉಪಾಧ್ಯಾಯರಾಗಿ ನೆಲೆಸಿದ್ದರು. ಹೊರಗಿನಿಂದ ಬಂದು ಒಳಗಿನವರಾದ ಈ ಸ್ಥಿತಿಯೇ ಅವರ ಬಂಡವಾಳ. ಪೇಟೆ, ಕಸುಬು, ದೇವಾಲಯ, ಉತ್ಸವಗಳನ್ನು ದಾಖಲಿಸುವಾಗ ಅವರಲ್ಲಿ ಬೆರಗು ಇದೆ, ಜೊತೆಗೆ ವರ್ಷಾನುವರ್ಷದ ಪರಿಚಯವೂ ಇದೆ. ಪ್ರವಾಸಕಥನದ ಕಲೆಯನ್ನು ಸುಧಾರಿಸಿಕೊಳ್ಳಬೇಕೆನ್ನುವವರು ದೂರದೇಶಕ್ಕೆ ಹೋಗುವ ಮೊದಲು ತಾವಿರುವ ಊರನ್ನು ಹೀಗೆ ಬರೆದು ನೋಡಬಹುದು.

4

ಕನ್ನಡದ ಆಧುನಿಕ ಪ್ರವಾಸಕಥನಗಳ ವೆಚ್ಚವನ್ನು ಹೆಚ್ಚಾಗಿ ಭರಿಸಿದ್ದು ವ್ಯಾಸಂಗ, ನೌಕರಿ, ನಿಯೋಗ ಮತ್ತು ಬಂಧುತ್ವ. ವಿ. ಕೃ. ಗೋಕಾಕರ ‘ಸಮುದ್ರದಾಚೆಯಿಂದ’ ಅವರ ಆಕ್ಸ್‌ಫರ್ಡ್ ವ್ಯಾಸಂಗದ ಫಲ. 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ‘ಅಮೆರಿಕದಲ್ಲಿ ಗೊರೂರು’ ಅತಿಥಿಯ ಕೃತಿ. ಹಳ್ಳಿಯ ಅಳತೆಗೋಲನ್ನು ಕೈಬಿಡದೆ ಪರದೇಶವನ್ನು ಅಳೆಯುವ ಗೊರೂರರ ವಿನೋದ ಇಂದಿಗೂ ತಾಜಾ ಆಗಿದೆ. ಆದರೆ ಅತಿಥಿಯ ಸೌಜನ್ಯ ಒಂದು ಮಿತಿಯೂ ಹೌದು. ಉಂಡ ಮನೆಯ ಲೆಕ್ಕ ಕೇಳುವುದು ಅತಿಥಿಗೆ ಸಲ್ಲದು. ಗೊರೂರರಲ್ಲಿ ಗುಣವಾಗಿದ್ದದ್ದು ಅವರನ್ನು ಅನುಕರಿಸಿದ ಅನೇಕರಲ್ಲಿ ಬರಿಯ ಉಪಚಾರವಾಯಿತು. ಕಟ್ಟಡ, ರಸ್ತೆ, ಶುಚಿತ್ವಗಳ ಹೊಗಳಿಕೆಯೇ ಹೊಸ ಅಷ್ಟಾದಶ ವರ್ಣನೆಯಾಯಿತು.

ಇದಕ್ಕೆ ಹೊರತಾದ ಮಾದರಿಗಳಿವೆ. ಶಿವರಾಮ ಕಾರಂತರು ಬರವಣಿಗೆಯನ್ನೇ ನೆಚ್ಚಿ ಬದುಕಲು ಹವಣಿಸಿದವರು. ‘ಅಪೂರ್ವ ಪಶ್ಚಿಮ’ದ ಲೇಖಕನ ಬೆಂಬಲಕ್ಕೆ ಪಠ್ಯಪುಸ್ತಕ, ಮುದ್ರಣಾಲಯ, ‘ಬಾಲಪ್ರಪಂಚ’ದಂಥ ಪರಿಶ್ರಮಗಳಿದ್ದವು. ಯಾರಿಗೂ ಉಪಚಾರ ಹೇಳಬೇಕಾಗಿಲ್ಲದ ಅವರ ನಿಷ್ಠುರ ಧ್ವನಿಗೆ ಈ ದುಡಿಮೆಯ ಹಿನ್ನೆಲೆಯಿದೆ. ಹೊನ್ನಾವರದ ಕೃಷ್ಣಾನಂದ ಕಾಮತರು (1934–2002) ವಿಜ್ಞಾನಿ. ಬರಹ, ಛಾಯಾಚಿತ್ರ, ರೇಖಾಚಿತ್ರ ಮೂರನ್ನೂ ತಾವೇ ಮಾಡಿದವರು. ‘ವಂಗದರ್ಶನ’, ‘ಬಸ್ತರ್ ಪ್ರವಾಸ’ಗಳಲ್ಲಿ ಸಸ್ಯ, ಕಸುಬು, ಸಂತೆ, ಉಡುಗೆಗಳು ಬರಿಯ ನೋಟಗಳಾಗಿರದೆ ಅಧ್ಯಯನದ ವಸ್ತುಗಳಾಗಿವೆ. ಒಂದು ಪಯಣದ ಸಾಮಗ್ರಿ ಹಲವು ಬಗೆಯ ಕೆಲಸಕ್ಕೆ ಒದಗುವಂತೆ ನೋಡಿಕೊಳ್ಳುವುದು ಕಲೆಯ ಪ್ರಶ್ನೆಯೂ ಹೌದು, ಸಂಪಾದನೆಯ ಪ್ರಶ್ನೆಯೂ ಹೌದು. ರಹಮತ್ ತರೀಕೆರೆಯವರ ‘ಅಂಡಮಾನ್ ಕನಸು’ ಓದುವಾಗಲೂ, ಸೂಫಿ ಮತ್ತು ನಾಥಪಂಥಗಳನ್ನು ಅರಸಿ ತಿರುಗಿದ ಸಂಶೋಧಕನ ಕಾಲುಗಳನ್ನು ಮರೆಯಲಾಗದು. ಅಧ್ಯಾಪಕರ ಸಂಬಳ ದಾರಿಖರ್ಚನ್ನು ಕೊಟ್ಟೀತು. ಕೇಳಬೇಕಾದ ಪ್ರಶ್ನೆಯನ್ನು ಕೊಡುವುದು ಸಂಶೋಧನೆ.

5

ಮುಂಬಯಿ ಕನ್ನಡದ ಪ್ರಮುಖ ಲೇಖಕರು ಬೇರೆ ಉದ್ಯೋಗಗಳಿಂದ ಬದುಕಿದವರು. ಯಶವಂತ ಚಿತ್ತಾಲರು ರಾಸಾಯನಿಕ ಉದ್ಯಮದಲ್ಲಿ, ಜಯಂತ ಕಾಯ್ಕಿಣಿಯವರು ಔಷಧ ಉದ್ಯಮದಲ್ಲಿ ದುಡಿದರು. ಮುಂಬಯಿಯ ಅತ್ಯುತ್ತಮ ಚಿತ್ರಣಗಳು ದೊರೆಯುವುದು ‘ಶಿಕಾರಿ’ಯಲ್ಲಿ (1979), ವ್ಯಾಸರಾಯ ಬಲ್ಲಾಳರ ‘ಬಂಡಾಯ’ದಲ್ಲಿ, ಕಾಯ್ಕಿಣಿಯವರ ಕಥೆಗಳಲ್ಲಿ, ಪ್ರವಾಸಕಥನಗಳಲ್ಲಲ್ಲ. ಉಪನಗರದ ರೈಲಿನಲ್ಲಿ ನಿತ್ಯ ತಿರುಗುವವನ ದಣಿವು ಕಥೆ ಕಾದಂಬರಿಗಳಲ್ಲಿ ಭಾಷೆ ಪಡೆಯಿತು. ಆದರೆ ಊರಿನಿಂದ ಬಂದು, ಹಗಲು ಹೋಟೆಲಿನಲ್ಲಿ ದುಡಿದು, ರಾತ್ರಿಶಾಲೆಯಲ್ಲಿ ಓದಿದವರ ಪಯಣವನ್ನು ‘ಪ್ರವಾಸ’ವೆಂದು ನಾವು ಎಣಿಸಲಿಲ್ಲ. ಪ್ರಕಾರದ ವ್ಯಾಖ್ಯೆಯಲ್ಲಿಯೇ ಬಿಡುವುಳ್ಳವರ ಪಕ್ಷಪಾತವಿದೆ. ಗೋಡಸೆಯವರನ್ನು ಪ್ರವಾಸಿ ಲೇಖಕರೆಂದು ಒಪ್ಪುವುದಾದರೆ ಇವರನ್ನು ಹೊರಗಿಡಲು ಕಾರಣವಿಲ್ಲ.

ಸಂಪಾದನೆಯ ಲೆಕ್ಕ ಸರಳವಾದುದು. 200 ರೂಪಾಯಿ ಬೆಲೆಯ ಪುಸ್ತಕದ 1000 ಪ್ರತಿಗಳು ಮಾರಾಟವಾಗಿ ಶೇಕಡಾ 10ರ ಗೌರವಧನ ಬಂದರೆ ಲೇಖಕರ ಕೈಗೆ ಸಿಗುವುದು 20,000 ರೂಪಾಯಿ. ದೂರದ ಒಂದು ಪ್ರಯಾಣದ ಖರ್ಚೂ ಅದರಿಂದ ಹುಟ್ಟಲಾರದು. ಮುಂಬಯಿಯ ‘ಮೊಗವೀರ’, ‘ನೇಸರು’, ‘ಅಕ್ಷಯ’ಗಳಂಥ ಸಂಘಸಂಸ್ಥೆಗಳ ಮಾಸಿಕಗಳು ಬೆಳೆಸಿದ್ದು ಓದುಗರನ್ನು ಮತ್ತು ಬರೆಯುವ ಅಭ್ಯಾಸವನ್ನು, ಲೇಖಕರ ಸಂಸಾರ ಸಾಗಿಸುವುದು ಅವುಗಳ ಉದ್ದೇಶವಲ್ಲ. ಈ ಕೊರತೆಯನ್ನು ತುಂಬಲು ಇಂದು ಮುಂದೆ ಬರುವುದು ಪ್ರಾಯೋಜಿತ ಪ್ರವಾಸ. ಪ್ರವಾಸೋದ್ಯಮದವರು ಟಿಕೆಟು, ವಸತಿ, ಊಟ ಕೊಡುತ್ತಾರೆ. ಪ್ರತಿಯಾಗಿ ವರ್ಣನೆ ಬಯಸುತ್ತಾರೆ. ಇಲ್ಲಿ ನಕ್ಷತ್ರಿಕ ನಗುಮುಖದಿಂದ ಬರುತ್ತಾನೆ, ಆದ್ದರಿಂದ ಗುರುತಿಸುವುದು ಕಷ್ಟ. ನೆರವು ಪಡೆಯುವುದು ತಪ್ಪಲ್ಲ, ಪಂಪನೂ ಪಡೆದಿದ್ದ. ಪಡೆದುದನ್ನು ಓದುಗರಿಗೆ ತಿಳಿಸದಿರುವುದು ಮತ್ತು ತನ್ನದೊಂದು ಬನವಾಸಿಯನ್ನು ಉಳಿಸಿಕೊಳ್ಳದಿರುವುದು ತಪ್ಪು.

ಆದುದರಿಂದ ತರುಣರ ಪ್ರಶ್ನೆಗೆ ಉತ್ತರ ಹೀಗಿರಬಹುದು: ಕನ್ನಡದಲ್ಲಿ ಪ್ರವಾಸ ಬರವಣಿಗೆಯೊಂದರಿಂದಲೇ ಬದುಕುವುದು ದುಸ್ತರ. ಅನುವಾದ, ಛಾಯಾಗ್ರಹಣ, ಅಧ್ಯಾಪನ, ಪತ್ರಿಕಾವೃತ್ತಿಗಳ ಬೆಂಬಲದಲ್ಲಿ ಅದನ್ನು ನಡೆಸಬಹುದು. ಹೋದ ಊರಿನ ಭಾಷೆಯ ನಾಲ್ಕು ಮಾತು ಕಲಿಯುವುದು, ಒಂದೇ ಸ್ಥಳಕ್ಕೆ ಮತ್ತೆ ಹೋಗುವುದು, ಕೂಲಿಯನ್ನೂ ಬೆಲೆಯನ್ನೂ ಗುರುತು ಹಾಕಿಕೊಳ್ಳುವುದು, ತನ್ನ ಖರ್ಚಿನ ಮೂಲವನ್ನು ಮರೆಮಾಚದಿರುವುದು ಇವು ಕಲೆಯ ಶಿಸ್ತುಗಳು. ಸಂಪಾದನೆ ಕಡಿಮೆಯಿದ್ದಾಗಲೂ ಇವು ಅಸಾಧ್ಯವಲ್ಲ.

ಸಂಶೋಧಕರಿಗೂ ಇಲ್ಲಿ ಕೆಲಸವಿದೆ. ಪ್ರವಾಸಕಥನಗಳ ಕೃತಜ್ಞತೆಯ ಪುಟಗಳನ್ನು ನಾವು ದಾಟಿ ಓದುತ್ತೇವೆ. ವೆಚ್ಚ ಭರಿಸಿದವರ ಹೆಸರು ಇರುವುದು ಅಲ್ಲಿಯೇ. ಆ ಪುಟವನ್ನು ಕೃತಿಯ ಭಾಗವೆಂದು ಓದಿ, ಒಳಗಿನ ಮೌನಗಳೊಡನೆ ಹೋಲಿಸಬೇಕಾಗಿದೆ. ಮುಂಬಯಿ, ದೆಹಲಿ, ಪುಣೆಗಳಂಥ ನಗರಗಳ ಕನ್ನಡ ಸಂಘಗಳ ಮಾಸಿಕ ಮತ್ತು ಸ್ಮರಣಸಂಚಿಕೆಗಳಲ್ಲಿ ದುಡಿಮೆಗೆಂದು ಬಂದವರ ಪಯಣದ ಬರಹಗಳಿದ್ದರೆ ಅವನ್ನು ಹುಡುಕಿ, ಕಾಲಾನುಕ್ರಮದಲ್ಲಿ ಜೋಡಿಸಬೇಕಾಗಿದೆ. ಹೊರನಾಡಿನಲ್ಲಿರುವ ಸಂಶೋಧಕರೇ ಈ ಕೆಲಸಕ್ಕೆ ಹೆಚ್ಚು ಸಮರ್ಥರು. ಆ ಆಕರಗಳು ಅವರ ನೆರೆಯಲ್ಲೇ ಇವೆ.