ನೆರಳು ಯಾರ ಮೇಲೆ?

ಮನುಷ್ಯಾಕೃತಿ ಬರೆಯುವ ಇವತ್ತಿನ ಚಿತ್ರಕಾರರಲ್ಲಿ ದಲಿತ ವಸ್ತುವಿಗೆ ಬರವಿಲ್ಲ. ಹೊರೆ ಹೊತ್ತ ಹೆಂಗಸು, ಚಪ್ಪಲಿ ಹೊಲಿಯುವ ಮುದುಕ, ಗುಂಡಿಗಿಳಿದ ಪೌರಕಾರ್ಮಿಕ ಎಲ್ಲರೂ ಗ್ಯಾಲರಿಯ ಗೋಡೆಗೆ ಬಂದಾಯಿತು. 'ನಿಮ್ಮವರನ್ನೂ ಬರೆದಿದ್ದಾರಲ್ಲ, ಇನ್ನೇನು ಬೇಕು' ಅಂತ ಕೇಳುವವರಿದ್ದಾರೆ. ನನ್ನ ಪ್ರಶ್ನೆ ವಸ್ತುವಿನದಲ್ಲ, ಬಣ್ಣದ್ದು. ಬೆಳಕು ಎಲ್ಲಿಂದ ಬರುತ್ತದೆ, ನೆರಳು ಯಾರ ಮೇಲೆ ಬೀಳುತ್ತದೆ?

ಇಂಥ ಬಹುಪಾಲು ಚಿತ್ರಗಳ ತಂತ್ರ ಹೆಚ್ಚುಕಮ್ಮಿ ಒಂದೇ. ಮೊದಲು ಕ್ಯಾನ್ವಾಸಿಗೆ ಅಂಬರ್ ಎಂಬ ಕಂದು ಬಣ್ಣವನ್ನು ತೆಳ್ಳಗೆ ಬಳಿಯುತ್ತಾರೆ. ಅದು ಮಣ್ಣಿನ ಬಣ್ಣವೇ. ಕಬ್ಬಿಣದ ಜೊತೆ ಮ್ಯಾಂಗನೀಸ್ ಸೇರಿ ಅದಕ್ಕೆ ಆ ಕಪ್ಪು ಬರುತ್ತದೆ. ಮ್ಯಾಂಗನೀಸ್ ಅಂದರೆ ನಮ್ಮ ಕುಂಸಿಯವರಿಗೆ ಹೊಸದಲ್ಲ, ಈ ಸುತ್ತಿನ ನೆಲವನ್ನು ಅದಕ್ಕೇ ಅಗೆದಿದ್ದಾರೆ. ಬಳಿದದ್ದು ಆರುವ ಮೊದಲೇ ಬಟ್ಟೆಯಲ್ಲಿ ಒರೆಸಿ ಹೆಗಲು, ಪಕ್ಕೆಲುಬು, ಕೆನ್ನೆಯ ಮೂಳೆಗಳ ಮೇಲೆ ಬೆಳಕು ತೆಗೆಯುತ್ತಾರೆ. ಕಣ್ಣು ಮಾತ್ರ ಕತ್ತಲಲ್ಲೇ ಉಳಿಯುತ್ತದೆ. ಚಿತ್ರದೊಳಗಿನವನು ತಿರುಗಿ ನೋಡುವುದಿಲ್ಲವಾದ್ದರಿಂದ ಹೊರಗಿನವನಿಗೆ 'ಅಯ್ಯೋ ಪಾಪ' ಅನ್ನುವುದು ಸಲೀಸು. ಈ ಅನುಕಂಪ ಬಟ್ಟೆ ಮತ್ತು ಕುಂಚದಿಂದ ತಯಾರಾದದ್ದು.

ಕತ್ತಲೆಯನ್ನೇ ನಾನು ದೂರುತ್ತಿಲ್ಲ. 17ನೇ ಶತಮಾನದ ಆರಂಭದಲ್ಲಿ ಇಟಲಿಯ ಕ್ಯಾರವಾಜಿಯೋ ಕತ್ತಲೆಯಿಂದಲೇ ಚಿತ್ರ ಕಟ್ಟಿದ. ಆದರೆ ಅವನ ಲೊರೆಟೋ ಮಾತೆಯ ಚಿತ್ರದಲ್ಲಿ ಮಂಡಿಯೂರಿದ ಬಡ ಯಾತ್ರಿಕನ ಕೊಳೆ ಅಂಗಾಲಿನ ಮೇಲೂ ಬೆಳಕಿದೆ.

ಇನ್ನು ನಮ್ಮ ಕೇರಿಗೆ ಬನ್ನಿ. ಭದ್ರಾವತಿಯಲ್ಲಿ ಮೇಷ್ಟ್ರಾಗಿದ್ದ ಬಿ. ಕೃಷ್ಣಪ್ಪನವರು ಸಂಗಾತಿಗಳೊಂದಿಗೆ 1970ರ ದಶಕದಲ್ಲಿ ದಲಿತ ಸಂಘರ್ಷ ಸಮಿತಿ ಕಟ್ಟಿದರು. ಸಂಘಟನೆ ಹೋದಲ್ಲಿಗೆ ಅಂಬೇಡ್ಕರ್ ಚಿತ್ರವೂ ಹೋಯಿತು. ಬೋರ್ಡ್ ಬರೆಯುವವನ ಕೈಯಲ್ಲಿ ಮೂಡಿದ ಚಿತ್ರ ಅದು. ನೀಲಿ ಕೋಟು, ಕೈಯಲ್ಲಿ ಸಂವಿಧಾನ, ನೆಟ್ಟಗೆ ನೋಡುವ ಕಣ್ಣು. ಮುಖದ ತುಂಬ ಬೆಳಕು, ನೆರಳೇ ಇಲ್ಲ. ಕಲೆ ಬಲ್ಲವರು ಇದನ್ನು ಕಸುಬಿನ ಕೊರತೆ ಅಂತಾರೆ. ನಾನು ಒಪ್ಪುವುದಿಲ್ಲ. ನೆರಳು ಸೋಕಿದರೂ ಮೈಲಿಗೆ ಅನ್ನಿಸಿಕೊಂಡ ಜನ ತಮ್ಮ ನಾಯಕನನ್ನು ನೆರಳಿಲ್ಲದೆ ಬರೆಸಿಕೊಂಡಿದ್ದಾರೆ. ಇದೂ ಒಂದು ಸೌಂದರ್ಯಮೀಮಾಂಸೆಯೇ.

ಹಾಗಂತ ನನ್ನ ತಕರಾರು ಇಲ್ಲದಿಲ್ಲ. ಆ ಮುಖವನ್ನು ಗುಲಾಬಿ ಬಿಳುಪಿಗೆ ತಿರುಗಿಸುವ ಆಸೆ ಕೇರಿಯ ಬೋರ್ಡುಗಳಲ್ಲೂ ಕಾಣುತ್ತದೆ. 1894ರಲ್ಲಿ ಮುಂಬಯಿಯಲ್ಲಿ ಶುರುವಾದ ರವಿವರ್ಮನ ಅಚ್ಚುಕೂಟ ದೇಶಕ್ಕೆಲ್ಲ ಹಂಚಿದ ದೇವರ ಮೈಬಣ್ಣ ಅದು. ನಮ್ಮ ಮೈಬಣ್ಣ ಎಲ್ಲಿ ಹೋಯಿತು?

1961ರಲ್ಲಿ ನಾಗಪುರದಲ್ಲಿ ಹುಟ್ಟಿದ ಸವಿ ಸಾವರ್ಕರ್ ಇಲ್ಲಿ ನೆನಪಾಗುತ್ತಾರೆ. ಪೇಶ್ವೆಗಳ ಕಾಲದ ಅಸ್ಪೃಶ್ಯನನ್ನು ಕೊರಳ ಮಡಕೆ, ಪೊರಕೆಗಳ ಸಮೇತ ಅವರು ಎಚಿಂಗ್‌ನಲ್ಲಿ ತೆಗೆದಿದ್ದಾರೆ. ಲೋಹದ ತಗಡಿಗೆ ಮೇಣ ಬಳಿದು, ಗೀರಿ, ಗೀರಿದ ಜಾಗವನ್ನು ಆಸಿಡ್ಡಿಗೆ ತಿನ್ನಿಸಿ ಮಸಿ ತುಂಬುವ ಕೆಲಸ ಅದು. ಅಲ್ಲಿನ ಕಪ್ಪನ್ನು ನಾನು ಗಾಯವೆಂದು ಓದುತ್ತೇನೆ. ಗಾಯಕ್ಕೆ ಕಾರಣ ಯಾರು ಅಂತ ನೋಡುವವನು ಯೋಚಿಸಲೇಬೇಕು, ಮರುಕಪಟ್ಟು ಮನೆಗೆ ಹೋಗುವಂತಿಲ್ಲ.

ಗೆಳೆಯ ಚಿತ್ರಕಾರರೇ, ನಮ್ಮನ್ನು ಈ ಮಣ್ಣಿನ ಕಪ್ಪಿನಲ್ಲೇ ಬರೆಯಿರಿ. ಕಣ್ಣನ್ನು ಮಾತ್ರ ಒರೆಸದೆ ಬಿಡಬೇಡಿ.