ಹೋಮೈ ಅವರ ಕ್ಯಾಮೆರಾ ಮತ್ತು ನಮ್ಮ ಹೆದರಿಕೆ

ನನ್ನ ಅಕ್ಕನ ಮಗಳು ಫೋಟೋ ತೆಗೆಯುತ್ತಾಳೆ. ಮದುವೆಗಳಲ್ಲಿ ಹೆಂಗಸರ ಕಡೆಗೆ ಗಂಡಸು ಫೋಟೋಗ್ರಾಫರ್ ಬರುವುದು ಬೇಡ ಎನ್ನುವ ಮನೆಯವರು ಅವಳನ್ನು ಕರೆಸುತ್ತಾರೆ. ಆದರೆ ಆಲ್ಬಮ್ಮಿನ ಮೇಲೆ ಅವಳ ಹೆಸರಿರುವುದಿಲ್ಲ, ಕೆಲಸ ಕೊಡುವ ಸ್ಟುಡಿಯೋದ ಹೆಸರಿರುತ್ತದೆ. ಕೇಳಿದರೆ, "ಹೆಸರು ಹಾಕಿದರೆ ಮೊಹಲ್ಲಾದಲ್ಲಿ ಮಾತು ಬರುತ್ತದೆ ಖಾಲಾ, ಕೆಲಸ ಸಿಕ್ಕರೆ ಸಾಕು" ಎನ್ನುತ್ತಾಳೆ. ಅವಳಿಗೆ ಬುದ್ಧಿ ಹೇಳುವ ಅರ್ಹತೆ ನನಗಿಲ್ಲ. ನನ್ನ ಮೊದಲ ಎರಡು ಕತೆಗಳನ್ನು ನಾನೂ ಪತ್ರಿಕೆಗೆ ಬೇರೆ ಹೆಸರಿನಲ್ಲೇ ಕಳಿಸಿದ್ದೆ. ಈ ಸಂಕಟದಲ್ಲಿದ್ದಾಗಲೇ ಹೋಮೈ ವ್ಯಾರವಾಲಾ ಅವರ ಚಿತ್ರಗಳನ್ನು ಮತ್ತೊಮ್ಮೆ ತೆರೆದು ನೋಡಿದೆ.

ಭಾರತದ ಮೊದಲ ಪತ್ರಿಕಾ ಛಾಯಾಗ್ರಾಹಕಿ ಎಂದು ಹೋಮೈ ಅವರನ್ನು ಗುರುತಿಸುತ್ತೇವೆ. 1913ರಲ್ಲಿ ಗುಜರಾತಿನ ನವಸಾರಿಯ ಪಾರ್ಸಿ ಕುಟುಂಬದಲ್ಲಿ ಹುಟ್ಟಿದವರು. ತಂದೆ ಊರೂರು ತಿರುಗುವ ಉರ್ದು-ಪಾರ್ಸಿ ನಾಟಕ ಕಂಪನಿಯ ನಟ. ಮುಂಬೈಯ ಜೆ.ಜೆ. ಕಲಾಶಾಲೆಯಲ್ಲಿ ಓದಿದ ಹೋಮೈಗೆ ಕ್ಯಾಮೆರಾ ಹಿಡಿಯಲು ಕಲಿಸಿದವರು ಮುಂದೆ ಪತಿಯಾದ ಮಾಣೆಕ್‌ಶಾ. ಆಕೆಯ ಆರಂಭದ ಚಿತ್ರಗಳು ಅಚ್ಚಾದದ್ದು ಮಾಣೆಕ್‌ಶಾ ಅವರ ಹೆಸರಿನಲ್ಲಿ. ಅಪರಿಚಿತ ಹೆಣ್ಣಿನ ಹೆಸರಿಗೆ ಪತ್ರಿಕೆಗಳಲ್ಲಿ ಆಗ ಬೆಲೆಯಿರಲಿಲ್ಲ. ಮುಂದೆ ಡಾಲ್ಡಾ 13 ಎಂಬ ಗುಪ್ತನಾಮವನ್ನೂ ಬಳಸಿದರು. ಹೆಸರು ಮರೆಯಲ್ಲಿದ್ದರೂ ಕೆಲಸ ನಿಲ್ಲಲಿಲ್ಲ ಎಂಬುದನ್ನು ಗಮನಿಸಬೇಕು. ಹೆದರಿಕೆ ಹೋದ ಮೇಲೆ ಶುರುಮಾಡೋಣ ಎಂದು ಕುಳಿತಿದ್ದರೆ ಆ ಚಿತ್ರಗಳು ನಮಗೆ ಸಿಗುತ್ತಲೇ ಇರಲಿಲ್ಲ.

1942ರಲ್ಲಿ ದಂಪತಿ ದೆಹಲಿಗೆ ಬಂದು ಬ್ರಿಟಿಷ್ ಮಾಹಿತಿ ಇಲಾಖೆಯಲ್ಲಿ ಕೆಲಸಕ್ಕೆ ಸೇರಿದರು. ಸೀರೆಯುಟ್ಟು, ಭಾರದ ಕ್ಯಾಮೆರಾ ಹೊತ್ತು ಸೈಕಲ್ಲಿನಲ್ಲಿ ಹೋಗುತ್ತಿದ್ದ ಈ ಹೆಂಗಸನ್ನು ಗಂಡಸರು ಗಂಭೀರವಾಗಿ ಪರಿಗಣಿಸಲಿಲ್ಲ. ಅದೇ ತನಗೆ ಅನುಕೂಲವಾಯಿತೆಂದು ಹೋಮೈ ಹಿಂದಿನದನ್ನು ನೆನೆದು ಹೇಳಿದ್ದುಂಟು. ತಾತ್ಸಾರ ಮಾಡಿದವರು ಆಕೆಯ ಎದುರು ಮುಖ ಬಿಗಿದುಕೊಳ್ಳಲಿಲ್ಲ. ಬ್ರಿಟಿಷ್ ಅಧಿಕಾರಿಯೊಬ್ಬರ ಪತ್ನಿಯ ಸಿಗರೇಟಿಗೆ ಬೆಂಕಿ ಹಚ್ಚುತ್ತಿರುವ ನೆಹರೂ, ಛಾಯಾಗ್ರಹಣ ನಿಷೇಧಿಸಲಾಗಿದೆ ಎಂಬ ಫಲಕದ ಪಕ್ಕದಲ್ಲೇ ನಿಂತ ನೆಹರೂ: ಈ ಚಿತ್ರಗಳಲ್ಲಿ ಪ್ರಧಾನಿಯ ಹಿಂದಿನ ಮನುಷ್ಯ ಕಾಣುತ್ತಾನೆ. ಆದರೆ ಯಾರ ಮಾನವೂ ಹೋಗಿಲ್ಲ. ಕದ್ದು ನೋಡುವುದಕ್ಕೂ ಕಾದು ನೋಡುವುದಕ್ಕೂ ಇರುವ ವ್ಯತ್ಯಾಸ ಆಕೆಗೆ ಗೊತ್ತಿತ್ತು.

ನನ್ನನ್ನು ಹೆಚ್ಚು ಕಾಡುವ ಚಿತ್ರ 1947ರ ಜೂನ್ ತಿಂಗಳದ್ದು. ದೇಶ ವಿಭಜನೆಯ ಯೋಜನೆಗೆ ಕಾಂಗ್ರೆಸ್ ನಾಯಕರು ಕೈ ಎತ್ತಿ ಒಪ್ಪಿಗೆ ಕೊಡುತ್ತಿದ್ದಾರೆ. ಇದರಲ್ಲಿ ರಕ್ತವಿಲ್ಲ, ಹೊಗೆಯಿಲ್ಲ, ಇರುವುದು ಎತ್ತಿದ ಕೈಗಳು ಮಾತ್ರ. ಆ ಕೈಗಳು ಕೆಳಗಿಳಿದ ಮೇಲೆ ಲಕ್ಷಾಂತರ ಜನ ಮನೆ ಬಿಟ್ಟು ನಡೆದರು ಎಂಬುದನ್ನು ಬಲ್ಲ ನಮಗೆ ಆ ಸದ್ದಿಲ್ಲದ ಚಿತ್ರ ನಡುಕ ಹುಟ್ಟಿಸುತ್ತದೆ.

ಇಲ್ಲೊಂದು ಆಕ್ಷೇಪವನ್ನೂ ಹೇಳಲೇಬೇಕು. ಅದೇ ವರ್ಷ ಅಮೆರಿಕದ ಮಾರ್ಗರೆಟ್ ಬರ್ಕ್-ವೈಟ್ ನಿರಾಶ್ರಿತರ ಸಾಲುಗಳ ನಡುವೆ ಹೋಗಿ 'ಲೈಫ್' ಪತ್ರಿಕೆಗೆ ಚಿತ್ರ ತೆಗೆದರು. ಹೋಮೈ ಹೆಸರಾದದ್ದು ನಾಯಕರ, ಸಮಾರಂಭಗಳ ಚಿತ್ರಗಳಿಗೆ. ತೀರ್ಮಾನಿಸಿದವರ ಕೈಗಳು ಅಲ್ಲಿವೆ, ನಡೆದವರ ಕಾಲುಗಳು ಕಾಣುವುದು ಕಡಿಮೆ. ಸಂಬಳದ ಕೆಲಸ ಆಕೆಯನ್ನು ಎಲ್ಲಿ ನಿಲ್ಲಿಸಿತ್ತೋ ಅಲ್ಲಿಂದ ಆಕೆ ಪ್ರಾಮಾಣಿಕವಾಗಿ ನೋಡಿದರು. ಈ ಮಿತಿಯನ್ನು ಒಪ್ಪಿಕೊಂಡರೆ ಆಕೆಯ ಗೌರವವೇನೂ ಕಡಿಮೆಯಾಗದು.

'ಮೊದಲ ಮಹಿಳೆ' ಎಂಬ ಬಿರುದಿನ ಬಗ್ಗೆಯೂ ನನಗೆ ಅನುಮಾನವಿದೆ. ಅದು ಒಬ್ಬಳನ್ನು ಧೀರೆ ಎಂದು ಮೆರವಣಿಗೆ ಮಾಡಿ, ಉಳಿದವರನ್ನು ಹೇಡಿಗಳೆಂದು ಮನೆಗೆ ಕಳಿಸುತ್ತದೆ. ಹೋಮೈ ಅವರ ಧೈರ್ಯದ ಹಿಂದೆ ಕಲಾಶಾಲೆಯ ಓದಿತ್ತು, ತಿಂಗಳ ಸಂಬಳವಿತ್ತು, ಕೆಲಸ ಕಲಿಸಿಕೊಟ್ಟ ಸಂಗಾತಿಯಿದ್ದರು. ಧೈರ್ಯ ಹುಟ್ಟುಗುಣವೆಂದು ಹೇಳುವವರು ಈ ಮೂರನ್ನೂ ಮರೆಯುತ್ತಾರೆ. ಹುಡುಗಿಯ ಹೆದರಿಕೆ ಅವಳೊಬ್ಬಳದೇ ಅಲ್ಲ. ಅರ್ಧ ಹೆದರಿಕೆಯನ್ನು ಮನೆಯವರು ಕೂಡಿಸಿ ಕೊಟ್ಟಿರುತ್ತಾರೆ.

ಆ ಸಂಗಾತಿಯ ಮಾತಿಗೂ ಬೆಲೆ ತೆರಬೇಕಾಯಿತು. 1948ರ ಜನವರಿ 30ರಂದು ಗಾಂಧೀಜಿಯವರ ಪ್ರಾರ್ಥನಾ ಸಭೆಗೆ ಹೊರಟಿದ್ದ ಹೋಮೈ, ನಾಳೆ ಇಬ್ಬರೂ ಹೋಗೋಣ ಎಂದು ಪತಿ ಹೇಳಿದ್ದರಿಂದ ಹಿಂದಿರುಗಿದರು. ಅಂದು ಸಂಜೆಯೇ ಗುಂಡು ಹಾರಿತು. ಆ ಕೊರಗು ಆಕೆಯನ್ನು ಕೊನೆಯವರೆಗೂ ಬಿಡಲಿಲ್ಲ. ಅಂತ್ಯಯಾತ್ರೆಯನ್ನು ಮಾತ್ರ ಆಕೆ ಚಿತ್ರಿಸಿದರು.

1969ರಲ್ಲಿ ಮಾಣೆಕ್‌ಶಾ ತೀರಿಕೊಂಡರು. ಮರುವರ್ಷ ಹೋಮೈ ಕ್ಯಾಮೆರಾ ಕೆಳಗಿಟ್ಟರು. ಹೊಸಬರ ನಡತೆ, ದುಡ್ಡಿನ ಆತುರ ಆಕೆಗೆ ಹಿಡಿಸಲಿಲ್ಲ. ಜನ ಆಕೆಯನ್ನು ಬಹುಕಾಲ ಮರೆತರು. 2006ರಲ್ಲಿ ಸಬೀನಾ ಗಡಿಹೋಕೆ ಆಕೆಯ ಬದುಕು, ಚಿತ್ರಗಳ ಬಗ್ಗೆ ಪುಸ್ತಕ ತಂದರು. ಪದ್ಮವಿಭೂಷಣ ಬಂದದ್ದು 2011ರಲ್ಲಿ, ಆಕೆಗೆ ತೊಂಬತ್ತೇಳಾಗಿದ್ದಾಗ. ಮರುವರ್ಷ ಜನವರಿಯಲ್ಲಿ ವಡೋದರಾದಲ್ಲಿ ತೀರಿಕೊಂಡರು.

ಬೇಡವೆನಿಸಿದಾಗ ಬಿಡುವುದಕ್ಕೂ ಧೈರ್ಯ ಬೇಕು ಎಂದು ಕೆಲವರು ಹೊಗಳುತ್ತಾರೆ. ಇರಬಹುದು. ನನಗೆ ಮಾತ್ರ ತೆಗೆಯದೆ ಉಳಿದ ನಲವತ್ತು ವರ್ಷಗಳ ಚಿತ್ರಗಳೇ ನೆನಪಾಗುತ್ತವೆ.

ಕಳೆದ ವಾರ ಅಕ್ಕನ ಮಗಳಿಗೆ ಆ ಎತ್ತಿದ ಕೈಗಳ ಚಿತ್ರ ತೋರಿಸಿದೆ. ಬಹಳ ಹೊತ್ತು ನೋಡಿದಳು. ಆಮೇಲೆ, "ಇದನ್ನು ತೆಗೆದವರು ಎಲ್ಲಿ ನಿಂತಿದ್ದರು ಖಾಲಾ?" ಎಂದು ಕೇಳಿದಳು. ತೆಗೆದವರ ಹೆಸರಿಗಿಂತ ಮೊದಲು ನಿಂತ ಜಾಗವನ್ನು ಕೇಳಿದ ಹುಡುಗಿ ಫೋಟೋಗ್ರಾಫರೇ ಹೌದು. ಆಲ್ಬಮ್ಮಿನ ಮೇಲೆ ಅವಳ ಹೆಸರು ಬರೆಸುವ ಕೆಲಸ ಅವಳೊಬ್ಬಳದಲ್ಲ, ಅವಳಿಂದ ಚಿತ್ರ ತೆಗೆಸಿಕೊಳ್ಳುವ ನಮ್ಮೆಲ್ಲರದು.