ವಿಕ್ರಮಾಂಕದೇವಚರಿತದ ಪ್ರತಿನಾಯಕ

ಯಲಬುರ್ಗೆಯ ಸೀಮೆಯ ಇಟಗಿಯಲ್ಲಿ ಮಹಾದೇವ ದಂಡನಾಯಕನು 1112ರಲ್ಲಿ ಕಟ್ಟಿಸಿದ ಗುಡಿಯನ್ನು ಕಂಡವರಿಗೆ, ಅವನ ಒಡೆಯನಾದ ಆರನೆಯ ವಿಕ್ರಮಾದಿತ್ಯನ ವೈಭವವನ್ನು ಬೇರೆಯಾಗಿ ಹೇಳಬೇಕಾದುದಿಲ್ಲ. ಶಾಸನವು ಆ ಗುಡಿಯನ್ನು ದೇವಾಲಯಚಕ್ರವರ್ತಿಯೆಂದೇ ಕರೆದಿರುತ್ತದೆ. ಆದರೆ ಈ ವೈಭವದ ಬುಡದಲ್ಲಿ ದಾಯಾದಿ ಕಲಹವೊಂದು ಅಡಗಿದೆ. 1076ರಲ್ಲಿ ವಿಕ್ರಮನು ತನ್ನ ಅಣ್ಣನಾದ ಭುವನೈಕಮಲ್ಲ ಸೋಮೇಶ್ವರನನ್ನು ಕೆಳಗಿಳಿಸಿ ಕಲ್ಯಾಣದ ಸಿಂಹಾಸನವನ್ನೇರಿದನು. ಕಾಶ್ಮೀರದಿಂದ ಬಂದು ಅವನ ಆಸ್ಥಾನದಲ್ಲಿ ವಿದ್ಯಾಪತಿಯೆನಿಸಿದ ಬಿಲ್ಹಣನು, ಹದಿನೆಂಟು ಸರ್ಗಗಳ ವಿಕ್ರಮಾಂಕದೇವಚರಿತದಲ್ಲಿ ಈ ಕಲಹವನ್ನು ನಿರೂಪಿಸಿದ ಬಗೆಯು ಕಾವ್ಯಧರ್ಮಕ್ಕೆ ಒಪ್ಪುವುದೇ ಎಂಬುದು ವಿಚಾರಾರ್ಹವಾಗಿದೆ.

ಬಿಲ್ಹಣನ ಪ್ರತಿಭೆಯಲ್ಲಿ ಯಾರಿಗೂ ಸಂದೇಹವಿರಲಾರದು. ವೈದರ್ಭೀರೀತಿಯ ಆ ತಿಳಿನುಡಿ, ಆ ಉಪಮೆಗಳು ಸಹೃದಯರಿಗೆ ಸುಪರಿಚಿತ. ನಾಲ್ಕನೆಯ ಸರ್ಗವೊಂದೇ ಅವನ ಕೀರ್ತಿಗೆ ಸಾಕು. ವಾಸಿಯಾಗದ ಜ್ವರದಿಂದ ಬಳಲಿದ ಆಹವಮಲ್ಲನು ಶಿವಧ್ಯಾನಪರನಾಗಿ ತುಂಗಭದ್ರೆಯಲ್ಲಿ ಇಳಿದು ದೇಹವನ್ನು ಬಿಡುವ ಪ್ರಸಂಗವದು. ಅದು 1068ರಲ್ಲಿ ಕುರುವತ್ತಿಯಲ್ಲಿ ನಡೆದ ನಿಜವೃತ್ತಾಂತ. ಗಂಗಾವತಿಯ ಗದ್ದೆಗಳಿಗೆ ನೀರುಣಿಸುವ ಅದೇ ಹೊಳೆಯ ದಡದಲ್ಲಿ ಕುಳಿತು ಆ ಸರ್ಗವನ್ನೋದಿದರೆ ಕಣ್ಣು ಒದ್ದೆಯಾಗದಿರದು.

ಆದರೆ ಸೋಮೇಶ್ವರನ ಮಾತು ಬಂದೊಡನೆ ಕವಿಯ ಕೈ ಸೋಲುತ್ತದೆ. ಮೊದಲು ತಂದೆಯೇ ನಡುವಣ ಮಗನಿಗೆ ಯೌವರಾಜ್ಯವನ್ನು ಕೊಡಬಯಸಿದನಂತೆ. ಮಗನು ಅಣ್ಣನ ಹಕ್ಕನ್ನು ನೆನೆದು ಒಲ್ಲೆನೆಂದನಂತೆ. ಬಳಿಕ ಪಟ್ಟವೇರಿದ ಅಣ್ಣನು ಮದಾಂಧನಾದನಂತೆ, ಪ್ರಜೆಗಳಿಗೆ ಬೇಡಾದನಂತೆ. ಕಟ್ಟಕಡೆಗೆ ಸಾಕ್ಷಾತ್ ಶಿವನೇ ಕನಸಿನಲ್ಲಿ ಬಂದು, ರಾಜ್ಯವನ್ನು ಕೈಕೊಳ್ಳೆಂದು ವಿಕ್ರಮನಿಗೆ ಅಪ್ಪಣೆಯಿತ್ತನಂತೆ! ನಿರ್ದೋಷಿಯಾದವನಿಗೆ ಇಷ್ಟು ಸಮರ್ಥನೆಗಳು ಬೇಕೆ? ಚೋಳ ವೀರರಾಜೇಂದ್ರನ ಶಾಸನಗಳು ಬೇರೆಯದೇ ಕಥೆಯನ್ನು ಹೇಳುತ್ತವೆ. ಸೋಮೇಶ್ವರನನ್ನು ಕನ್ನಡನಾಡಿನಿಂದ ಓಡಿಸಿ, ವಿಕ್ರಮನ ಕೊರಳಿಗೆ ಯೌವರಾಜ್ಯದ ಕಂಠಿಕೆಯನ್ನು ಕಟ್ಟಿದವನು ತಾನೆಂದು ಆ ಚೋಳನು ಮೆರೆದುಕೊಂಡಿದ್ದಾನೆ. ಅದರಲ್ಲಿಯೂ ಆತ್ಮಪ್ರಶಂಸೆ ಇರಬಹುದು, ಅಲ್ಲವೆನ್ನಲಾಗದು. ಆದರೂ ವಂಶಶತ್ರುವಿನ ಮಗಳನ್ನು ವರಿಸಿ, ಅವನ ಬಲವನ್ನು ನೆಮ್ಮಿ ವಿಕ್ರಮನು ಮೇಲೆ ಬಂದನೆಂಬುದು ಸ್ಪಷ್ಟ. ಬಿಲ್ಹಣನು ಮದುವೆಯನ್ನು ಹೇಳಿ ಕಂಠಿಕೆಯನ್ನು ಮರೆತನು.

ಇಂಥ ಕಲಹಗಳು ನಮ್ಮ ನಾಡಿಗೇ ಮೀಸಲಲ್ಲ. ವಿಕ್ರಮನ ಕೊನೆಗಾಲದಲ್ಲಿಯೇ ದೂರದ ಬೊಹೆಮಿಯಾ ದೇಶದ ಪ್ರಾಗ್ ನಗರದಲ್ಲಿ ಕೊಸ್ಮಾಸನೆಂಬ ಪಾದ್ರಿಯು ಅಲ್ಲಿಯ ಪ್ರೆಮಿಸಲ್ ವಂಶದ ಅಣ್ಣತಮ್ಮಂದಿರ ಜಗಳಗಳನ್ನು ಲ್ಯಾಟಿನ್ ಭಾಷೆಯಲ್ಲಿ ಬರೆದಿಡುತ್ತಿದ್ದನು. ಆದರೆ ಅವನದು ಚರಿತ್ರೆ, ಬಿಲ್ಹಣನದು ಮಹಾಕಾವ್ಯ. ಮಹಾಕಾವ್ಯಕ್ಕೆ ದಂಡಿಯು ಹೇಳಿದ ಮಾತೊಂದಿದೆ: ಶತ್ರುವಿನ ವಂಶ, ಶೌರ್ಯ, ವಿದ್ಯೆಗಳನ್ನು ಬಣ್ಣಿಸಿ, ಅಂಥವನನ್ನು ಗೆದ್ದನೆಂದು ಹೇಳುವುದರಿಂದಲೂ ನಾಯಕನ ಹಿರಿಮೆ ಹೆಚ್ಚುವುದು. ಬಿಲ್ಹಣನ ಸೋಮೇಶ್ವರನಿಗೆ ಅಂಥ ತೂಕವೇ ಇಲ್ಲ. ಹುಲ್ಲಿನ ಬೆದರುಬೊಂಬೆಯನ್ನು ಕೆಡವಿದುದರಲ್ಲಿ ವೀರರಸವೆಲ್ಲಿಯದು? ಇದೇ ಚಾಲುಕ್ಯರ ಆಸ್ಥಾನದಲ್ಲಿ ಮೂರು ತಲೆಮಾರಿನ ಹಿಂದೆ ರನ್ನನು ತನ್ನೊಡೆಯ ಸತ್ಯಾಶ್ರಯನನ್ನು ಭೀಮನೊಡನೆ ಸಮೀಕರಿಸಿ ಗದಾಯುದ್ಧವನ್ನು ರಚಿಸಿದನು. ಅವನಿಗೂ ರಾಜಾಶ್ರಯವಿತ್ತು, ಅವನೂ ಪ್ರಭುವನ್ನು ಹೊಗಳಲೇಬೇಕಿತ್ತು. ಆದರೂ ಅವನ ದುರ್ಯೋಧನನು ಸೋತೂ ಎತ್ತರದಲ್ಲಿ ನಿಂತನು. ಕವಿರಾಜಮಾರ್ಗವು ಕೊಪಣವನ್ನು ತಿರುಳ್ಗನ್ನಡದ ನಾಡಿನಲ್ಲಿ ಎಣಿಸಿದೆಯಷ್ಟೆ. ಆ ನಾಡಿನ ಓದುಗರು ಈ ತಾರತಮ್ಯವನ್ನು ಬೇಗನೆ ಅರಿಯಬಲ್ಲರು.

ಮುಂದೆ ಕಿರಿಯ ತಮ್ಮ ಜಯಸಿಂಹನು ವಿಕ್ರಮನ ಮೇಲೆ ತಿರುಗಿಬಿದ್ದು ಸೆರೆಸಿಕ್ಕ ಕಥೆಯೂ ಈ ಕಾವ್ಯದಲ್ಲಿಯೇ ಇದೆ. ತಮ್ಮನು ಅಣ್ಣನ ಮೇಲೆ ಏಳುವುದು ಒಮ್ಮೆ ಶಿವಾಜ್ಞೆ, ಮತ್ತೊಮ್ಮೆ ದುರ್ಬುದ್ಧಿ! ಈ ವಿರೋಧವು ಅಷ್ಟು ಜಾಣನಾದ ಕವಿಗೆ ಕಾಣದೆ ಹೋಯಿತೆಂದು ನಂಬುವುದು ಕಷ್ಟ.

ಕೊನೆಯ ಸರ್ಗದಲ್ಲಿ ಬಿಲ್ಹಣನು ತನ್ನ ಮನೆತನದ ವೃತ್ತಾಂತವನ್ನು ಬರೆದಿರುವನು. ಇಷ್ಟರಾಮನು ಅವನ ಅಣ್ಣ, ಆನಂದನು ತಮ್ಮ. ವಿಕ್ರಮನಂತೆ ಅವನೂ ಮೂವರಲ್ಲಿ ನಡುವಣವನು. ಅಲ್ಲಿ ಅವನು ಇಬ್ಬರ ಪಾಂಡಿತ್ಯವನ್ನೂ ಕವಿತ್ವವನ್ನೂ ಮನಸಾರೆ ಹೊಗಳಿದ್ದಾನೆ.